ಗಿಂಡಿಗೆ ಬರುವ ಸೆಪ್ಟೆಂಬರ್ ಕಾಗದ

ನಮ್ಮ ದೇಶದ ಕಾರ್ಖಾನೆಗಳು ಪ್ರತಿ ವರ್ಷ ಸೆಪ್ಟೆಂಬರ್ 30ರ ಒಳಗೆ ತಮ್ಮ ಹೊಗೆ, ಕೊಳೆನೀರು ಮತ್ತು ಕಸದ ಲೆಕ್ಕವನ್ನು ತಾವೇ ಬರೆದು ಒಪ್ಪಿಸಬೇಕೆಂಬ ನಿಯಮವೊಂದು 1993ರಿಂದ ಜಾರಿಯಲ್ಲಿದೆ. ಪರಿಸರ ಸಂರಕ್ಷಣಾ ನಿಯಮಾವಳಿಯ 14ನೆಯ ನಿಯಮ ಅದು. ಲೆಕ್ಕ ಬರೆಯುವ ಹಾಳೆಗೆ ‘ನಮೂನೆ 5’ ಎಂದು ಹೆಸರು. ತಮಿಳುನಾಡಿನ ಕಾರ್ಖಾನೆಗಳು ಇದನ್ನು ಒಪ್ಪಿಸಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. 1982ರ ಫೆಬ್ರವರಿಯಲ್ಲಿ ರಚನೆಯಾದ ಆ ಮಂಡಳಿಯ ಕೇಂದ್ರ ಕಚೇರಿ ಚೆನ್ನೈನ ಗಿಂಡಿಯಲ್ಲಿ, ಮೌಂಟ್ ರಸ್ತೆಯ ಬದಿಯಲ್ಲಿದೆ. ದಿನವೂ ಆ ದಾರಿಯಲ್ಲಿ ಬಸ್ಸಿನಲ್ಲೋ ಮೆಟ್ರೋದಲ್ಲೋ ಹಾದುಹೋಗುವ ಸಾವಿರಾರು ಜನರಲ್ಲಿ ಈ ಕಾಗದದ ಹೆಸರು ಕೇಳಿದವರು ಬಹಳ ಇರಲಾರರು.

ನಮೂನೆ ದೊಡ್ಡದೇನಲ್ಲ, ಒಂಬತ್ತು ಭಾಗಗಳು. ಎಷ್ಟು ನೀರು ಬಳಸಿದಿರಿ, ಎಷ್ಟು ಕಚ್ಚಾವಸ್ತು ಬಳಸಿದಿರಿ, ಅಪಾಯಕಾರಿ ತ್ಯಾಜ್ಯ ಎಷ್ಟು, ಘನತ್ಯಾಜ್ಯ ಎಷ್ಟು, ಅದನ್ನೇನು ಮಾಡಿದಿರಿ. ಮೂರನೆಯ ಭಾಗ ಮುಖ್ಯವಾದದ್ದು. ನೀರಿಗೂ ಗಾಳಿಗೂ ಬಿಟ್ಟ ಪ್ರತಿಯೊಂದು ಮಲಿನ ವಸ್ತುವಿನ ದಿನವಹಿ ಪ್ರಮಾಣ, ಅದರ ಸಾಂದ್ರತೆ, ನಿಗದಿತ ಮಿತಿಯಿಂದ ಅದು ಎಷ್ಟು ಶೇಕಡಾ ಆಚೀಚೆಯಾಗಿದೆ ಎಂಬುದನ್ನು ಅಲ್ಲಿ ಬರೆಯಬೇಕು. ಜೊತೆಗೆ, ಏಕೆ ಎಂದೂ ಬರೆಯಬೇಕು. ಸರ್ಕಾರಿ ನಮೂನೆಗಳ ನಡುವೆ ವರ್ಷಗಳನ್ನು ಕಳೆದವರಿಗೆ ಗೊತ್ತು: ಅಂಕಿಯನ್ನು ಕೇಳುವ ಕಲಂಗಳು ಸುಲಭ, ಕಾರಣವನ್ನು ಕೇಳುವ ಕಲಂ ಅಪರೂಪ.

ಈ ಹಾಳೆಯ ಹುಟ್ಟಿನಲ್ಲೇ ಒಂದು ಸಣ್ಣ ಸಂಗತಿಯಿದೆ. 1992ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮೊದಲ ಅಧಿಸೂಚನೆ ಹೊರಡಿಸಿದಾಗ ಇದರ ಹೆಸರು ‘ಪರಿಸರ ಆಡಿಟ್ ವರದಿ’ ಎಂದಿತ್ತು. 1993ರ ಏಪ್ರಿಲ್‌ನಲ್ಲಿ ತಿದ್ದುಪಡಿಯಾಗಿ ‘ಪರಿಸರ ಹೇಳಿಕೆ’ ಎಂದಾಯಿತು. ಆಡಿಟ್ ಎಂದರೆ ಇನ್ನೊಬ್ಬರು ಕೇಳುವುದು; ಲ್ಯಾಟಿನ್ ಮೂಲದ ಆ ಪದಕ್ಕೆ ‘ಕೇಳುವುದು’ ಎಂದೇ ಅರ್ಥ, ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಒಪ್ಪಿಸುವ ರೂಢಿಯಿತ್ತು. ಹೇಳಿಕೆ ಎಂದರೆ ತಾನು ಹೇಳುವುದು. ಕಾರ್ಖಾನೆ ತನ್ನ ಲೆಕ್ಕ ತಾನೇ ಬರೆಯುವಲ್ಲಿ ಆಡಿಟ್ ಎಂಬ ಮಾತು ಒಪ್ಪುವುದಿಲ್ಲವೆಂದು ಹೆಸರು ಬದಲಿಸಿದರೆಂದರೆ ಅದು ಪ್ರಾಮಾಣಿಕವಾದ ಬದಲಾವಣೆಯೇ. ಆದರೆ ಹೆಸರಿಗೆ ತಕ್ಕಂತೆ ಕೆಲಸವನ್ನು ಬದಲಿಸುವ ಇನ್ನೊಂದು ದಾರಿಯೂ ಇತ್ತು. ಕಳೆದ ಮೂರು ದಶಕಗಳ ಕಂಪನಿ-ಪರಿಸರ ವರದಿಗಳ ಚರಿತ್ರೆಯೆಲ್ಲ ಈ ಎರಡು ಪದಗಳ ನಡುವೆಯೇ ನಡೆದಿದೆ ಎಂದು ನನಗೆ ತೋರುತ್ತದೆ.

ಗಿಂಡಿ ಎಂಬ ಹೆಸರು ಕೇಳಿದಾಗ ಕನ್ನಡಿಗನ ಕಣ್ಣಿಗೆ ಮೊದಲು ಬರುವುದು ಮೂತಿಯಿರುವ ನೀರಿನ ಪಾತ್ರೆ. ಚೆನ್ನೈಗೆ ಬಂದು ನೆಲೆಸಿದ ಮೇಲೆ ಅದು ರೈಲು ನಿಲ್ದಾಣ, ಕುದುರೆ ಜೂಜಿನ ಮೈದಾನ, ಜಿಂಕೆಗಳ ಕಾಡು, ಎಂಜಿನಿಯರಿಂಗ್ ಕಾಲೇಜು, ರಾಜಭವನ ಎಲ್ಲವೂ ಆಗುತ್ತದೆ. 1958ರಲ್ಲಿ ಕಾಮರಾಜರ ಆಡಳಿತದಲ್ಲಿ, ಆರ್. ವೆಂಕಟರಾಮನ್ ಕೈಗಾರಿಕಾ ಸಚಿವರಾಗಿದ್ದಾಗ, ಮದರಾಸು ರಾಜ್ಯದ ಮೊದಲ ಕೈಗಾರಿಕಾ ವಸಾಹತು ತೆರೆದದ್ದೂ ಇಲ್ಲೇ. ಅಶೋಕ್ ಲೇಲ್ಯಾಂಡಿನ ಕೇಂದ್ರ ಕಚೇರಿ, ತೂತ್ತುಕ್ಕುಡಿಯ ರಸಗೊಬ್ಬರದ ಸ್ಪಿಕ್ ಕಂಪನಿಯ ಕಚೇರಿ ಇಲ್ಲಿಯವೇ. ಲೆಕ್ಕ ಬರೆಯುವವರೂ ಲೆಕ್ಕ ತೆಗೆದುಕೊಳ್ಳುವವರೂ ನಡೆದುಹೋಗಬಹುದಾದ ದೂರದಲ್ಲಿರುವ ಊರು ಇದು.

ಲೆಕ್ಕ ಮತ್ತು ನಂಬಿಕೆಯ ಮಾತು ಬಂದಾಗ ಗಿಂಡಿಗೂ ಕನ್ನಡನಾಡಿಗೂ ಇರುವ ಹಳೆಯ ನಂಟೊಂದನ್ನು ನೆನೆಯಬೇಕು. ರಾಜಭವನವೆಂದು ಹೆಸರಾದ ಕಟ್ಟಡ, ಅಂದರೆ ಅಂದಿನ ಗಿಂಡಿ ಲಾಡ್ಜ್, ಸರ್ಕಾರದ ಸ್ವತ್ತಾದದ್ದು ಸರ್ ಥಾಮಸ್ ಮನ್ರೋ ಮದರಾಸಿನ ಗವರ್ನರಾಗಿದ್ದ ಕಾಲದಲ್ಲಿ. ಮೌಂಟ್ ರಸ್ತೆಯ ಇನ್ನೊಂದು ತುದಿಯಲ್ಲಿ, ಐಲೆಂಡ್ ಮೈದಾನದ ಬಳಿ, ರಿಕಾಪಿಲ್ಲದ ಕುದುರೆಯ ಮೇಲೆ ಕುಳಿತಿರುವವನು ಅವನೇ. ಟಿಪ್ಪುವಿನ ಪತನದ ನಂತರ 1799ರಲ್ಲಿ ಕೆನರಾ ಜಿಲ್ಲೆಗೆ ಮೊದಲ ಕಲೆಕ್ಟರನಾಗಿ ಬಂದವನೂ ಅವನೇ. 1800ರಲ್ಲಿ ಅವನು ಕಂದಾಯ ಮಂಡಳಿಗೆ ಬರೆದ ವರದಿಯಲ್ಲಿ ವಿಜಯನಗರದ ಕಾಲದಿಂದ ಕೆನರಾದ ಭೂಕಂದಾಯ ಹೇಗೆ ಏರುತ್ತ ಬಂತೆಂಬುದನ್ನು ಶಾನುಭೋಗರ ಬಳಿ ಉಳಿದಿದ್ದ ಲೆಕ್ಕಗಳಿಂದ ಹೆಕ್ಕಿ ತೆಗೆದ.

ಆ ಲೆಕ್ಕಗಳು ಇದ್ದದ್ದು ಕಡತಗಳಲ್ಲಿ. ಇಂದು ನಾವು ಕಚೇರಿಯಲ್ಲಿ ‘ಕಡತ ವಿಲೇವಾರಿ’ ಎನ್ನುವಾಗ ಮರೆತಿರುವ ಮೂಲ ಕಡತ ಒಂದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಹಾಕಿ, ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಕಾರರಿಗೆ ಆಕರ. ಕಡತದಲ್ಲಿ ಬರೆದದ್ದು ತಲೆಮಾರುಗಳ ಕಾಲ ಉಳಿಯುತ್ತಿತ್ತು. ಬೇಕಾದರೆ ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು. ಬರೆಯುವವನೂ ಕಾಯುವವನೂ ಶಾನುಭೋಗನೊಬ್ಬನೇ ಆಗಿದ್ದಾಗ ಲೆಕ್ಕ ಸುಳ್ಳೆಂದು ಹೇಳಲು ಇನ್ನೊಂದು ಲೆಕ್ಕವೇ ಇರಲಿಲ್ಲ. ಮನ್ರೋ ಮುಂದೆ ರೈತವಾರಿ ಪದ್ಧತಿಯಲ್ಲಿ ನೆಲವನ್ನೇ ಅಳೆಯಲು ಹೊರಟದ್ದಕ್ಕೆ ಹಲವು ಕಾರಣಗಳಿದ್ದವು. ಲೆಕ್ಕವನ್ನು ಲೆಕ್ಕದ ಹೊರಗಿನ ವಸ್ತುವಿಗೆ ಒರೆ ಹಚ್ಚಿ ನೋಡಬೇಕೆಂಬ ಸಾಮ್ರಾಜ್ಯದ ಅವಸರವೂ ಅದರಲ್ಲಿತ್ತು. ಅವನ ಉದ್ದೇಶ ಕಂದಾಯ, ರೈತನ ಹಿತವಷ್ಟೇ ಅಲ್ಲ. ಆದರೆ ವಿಧಾನ ಗಮನಾರ್ಹ.

ಹಣದ ಲೆಕ್ಕಕ್ಕೆ ನಂಬಿಕೆ ಬಂದದ್ದು ಹೇಗೆ ಎಂಬುದಕ್ಕೂ ಮದರಾಸಿನ ಚರಿತ್ರೆಯೇ ಸಾಕು. 1906ರ ಅಕ್ಟೋಬರ್ 22ರಂದು ಅರ್ಬತ್‌ನಾಟ್ ಕಂಪನಿ ಬಾಗಿಲು ಮುಚ್ಚಿತು. ಅಧಿಕಾರಿಗಳು, ವಕೀಲರು, ವಿಧವೆಯರು, ಪಿಂಚಣಿದಾರರು, ದಕ್ಷಿಣ ಭಾರತದ ಮಧ್ಯಮ ವರ್ಗದ ಎಷ್ಟೋ ಮನೆಗಳ ಉಳಿತಾಯ ಅಲ್ಲಿತ್ತು. ಅದು ಪಾಲುದಾರರ ಸಂಸ್ಥೆ; ಅದರ ಆಧಾರವೆಲ್ಲ ಅರ್ಬತ್‌ನಾಟ್ ಎಂಬ ಹೆಸರಿನ ಘನತೆ. ಸರ್ ಜಾರ್ಜ್ ಅರ್ಬತ್‌ನಾಟ್‌ಗೆ ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು. ಠೇವಣಿದಾರರ ಪರ ನಿಂತ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮತ್ತು ಸಂಗಡಿಗರು ಮುಂದಿನ ವರ್ಷವೇ ಇಂಡಿಯನ್ ಬ್ಯಾಂಕನ್ನು ಕಟ್ಟಿದರು. ಅದೇ 1906ರಲ್ಲಿ, ಅದೇ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಎರಡು ಹಣದ ಸಂಸ್ಥೆಗಳು ಆಗಷ್ಟೇ ಕಣ್ಣು ತೆರೆದಿದ್ದವು: ಮಾರ್ಚ್‌ನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್, ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹಿಂದೂ ಪರ್ಮನೆಂಟ್ ಫಂಡ್. ರಾಜಧಾನಿಯ ದೊಡ್ಡ ಹೆಸರೊಂದು ಮುಳುಗಿದ ವರ್ಷವೇ ಕರಾವಳಿಯ ಈ ಸಣ್ಣ ಹೆಸರುಗಳು ಜನರಿಂದ ಠೇವಣಿ ಕೇಳಬೇಕಾಯಿತು.

1913ರ ಕಂಪನಿ ಕಾಯಿದೆ ಸಾರ್ವಜನಿಕ ಕಂಪನಿಗಳ ಲೆಕ್ಕವನ್ನು ಅರ್ಹತಾಪತ್ರ ಪಡೆದ ಆಡಿಟರರು ನೋಡಬೇಕೆಂದು ವಿಧಿಸಿತು. 1949ರಲ್ಲಿ ಚಾರ್ಟರ್ಡ್ ಅಕೌಂಟೆಂಟರ ಕಾಯಿದೆ ಬಂತು, 1956ರಲ್ಲಿ ಹೊಸ ಕಂಪನಿ ಕಾಯಿದೆ. ಬ್ಯಾಂಕು ಮುರಿದಾಗಲೆಲ್ಲ, ಹಗರಣ ನಡೆದಾಗಲೆಲ್ಲ ಒಂದೊಂದು ಬೀಗ ಸೇರುತ್ತ ಹೋಯಿತು. ವಾರ್ಷಿಕ ವರದಿಯ ಹಣದ ಪುಟಗಳನ್ನು ಇಂದು ನಾವು ಒಂದು ಮಟ್ಟಿಗೆ ನಂಬುತ್ತೇವೆಂದರೆ ಅದರ ಹಿಂದೆ ಕಳೆದುಹೋದ ಅನೇಕರ ಹಣವಿದೆ. ನದಿಯನ್ನೋ ಗಾಳಿಯನ್ನೋ ಕುರಿತ ಪುಟಗಳಿಗೆ ಈ ಬಗೆಯ ಬೀಗಗಳು ಬಹುಕಾಲ ಇರಲೇ ಇಲ್ಲ.

ತುಂಗಭದ್ರೆಯ ದಂಡೆಯವರಿಗೆ ಇದು ಚೆನ್ನಾಗಿ ಗೊತ್ತು. ಹರಿಹರದ ಎದುರು ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕೆಲಸ ಆರಂಭಿಸಿತು. ನೀಲಗಿರಿ ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ ಅದು. ಮರದಲ್ಲಿ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟುವಸ್ತುವನ್ನು ರಾಸಾಯನಿಕಗಳಲ್ಲಿ ಬೇಯಿಸಿ ಬೇರ್ಪಡಿಸಿದಾಗ ಉಳಿಯುವ ದ್ರವ ಕಡು ಕಂದು. ಎಷ್ಟು ಸಂಸ್ಕರಿಸಿದರೂ ಆ ಬಣ್ಣ ಸುಲಭವಾಗಿ ಬಿಡುವುದಿಲ್ಲ. ಕೆಳಗಿನ ಹಳ್ಳಿಗಳ ಜನ ನೀರಿನ ಬಣ್ಣ, ಸತ್ತ ಮೀನು, ಮೈ ತುರಿಕೆಗಳ ದೂರು ಹೇಳಿದರು. 1974ರ ಜಲ ಕಾಯಿದೆ ಬಂದು ಕರ್ನಾಟಕದಲ್ಲಿ ಅದೇ ವರ್ಷ ಮಾಲಿನ್ಯ ಮಂಡಳಿಯೂ ಆಗಿತ್ತು. ಆದರೆ ಅನುಮತಿ ಪತ್ರ, ಮಾದರಿ ಸಂಗ್ರಹ, ಪ್ರಯೋಗಾಲಯದ ಚೀಟಿ ಎಲ್ಲವೂ ಕಂಪನಿಗೂ ಮಂಡಳಿಗೂ ನಡುವಿನ ವ್ಯವಹಾರ. ದಂಡೆಯವರ ಕೈಯಲ್ಲಿದ್ದದ್ದು ನದಿಯ ಬಣ್ಣ ಮಾತ್ರ.

1984ರಲ್ಲಿ ರಾಜ್ಯ ಸರ್ಕಾರವೂ ಈ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆ ಮಾಡಿ, ನೀಲಗಿರಿ ನೆಡಲು ಸುಮಾರು 75,000 ಎಕರೆ ಸರ್ಕಾರಿ ಭೂಮಿಯನ್ನು ಅದಕ್ಕೆ ಕೊಡಲು ನಿರ್ಧರಿಸಿದ ಕಥೆ ಕನ್ನಡಿಗರಿಗೆ ಹೆಚ್ಚು ಪರಿಚಿತ. ಶಿವರಾಮ ಕಾರಂತರು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು ಜನೋಪಯೋಗಿ ಸಸಿ ನೆಟ್ಟರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ಬಂಜರು ನೆಲವನ್ನು ಹಸಿರು ಮಾಡುತ್ತೇವೆಂಬುದೇ ಆ ಯೋಜನೆಯ ಸಮರ್ಥನೆಯಾಗಿತ್ತು ಎಂಬುದನ್ನು ಇಂದಿನ ಹಸಿರು ವರದಿಗಳನ್ನು ಓದುವವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಯಾರ ದನ ಮೇಯುತ್ತಿದ್ದ ಬಂಜರು ಎಂದು ಕೇಳುವ ಕಲಂ ಯಾವ ನಮೂನೆಯಲ್ಲೂ ಇರಲಿಲ್ಲ.

ಎಲ್ಲ ಕಂಪನಿಗಳೂ ಹೀಗೆ ಬಾಯಿ ಮುಚ್ಚಿಕೊಂಡಿದ್ದವು ಎನ್ನಲಾಗದು. 1979ರಲ್ಲೇ ಜೆ.ಆರ್.ಡಿ. ಟಾಟಾ ಅವರು ಟಾಟಾ ಸ್ಟೀಲ್ ಸಮಾಜಕ್ಕೆ ಕೊಟ್ಟ ಮಾತನ್ನು ನಡೆಸಿದೆಯೇ ಎಂದು ನೋಡಲು ನ್ಯಾಯಮೂರ್ತಿ ಎಸ್.ಪಿ. ಕೋತ್ವಾಲ್, ರಜನಿ ಕೊಠಾರಿ, ಪಿ.ಜಿ. ಮಾವಳಂಕರ್ ಅವರಿದ್ದ ಸಮಿತಿಯನ್ನು ನೇಮಿಸಿದರು. ಹೊರಗಿನವರನ್ನು ಕರೆದು ‘ನಮ್ಮನ್ನು ನೋಡಿ’ ಎಂದ ಆ ನಡೆ ಅಂದಿಗೆ ಅಸಾಮಾನ್ಯ. ಆದರೆ ಅದು ಮಾಲೀಕನೊಬ್ಬನ ಸಂಕಲ್ಪ. ಸಂಕಲ್ಪಕ್ಕೆ ಉತ್ತರಾಧಿಕಾರಿ ಇರಬೇಕೆಂದಿಲ್ಲ. 1984ರ ಡಿಸೆಂಬರ್‌ನ ಭೋಪಾಲದ ನಂತರವೇ ಕಾನೂನು ಗಂಭೀರವಾಯಿತು. 1986ರ ಪರಿಸರ ಸಂರಕ್ಷಣಾ ಕಾಯಿದೆ, ಅದರಡಿಯಲ್ಲಿ ನಾನು ಮೊದಲು ಹೇಳಿದ ನಮೂನೆ 5, 1994ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ, 1997ರಲ್ಲಿ ಅದಕ್ಕೆ ಸಾರ್ವಜನಿಕ ಅಹವಾಲು ಸಭೆಯ ಸೇರ್ಪಡೆ.

ಈ ಕೊನೆಯದು ಏನು ಮಾಡಬಲ್ಲದು ಎಂಬುದು 2000ದಲ್ಲಿ ಉತ್ತರ ಕನ್ನಡದಲ್ಲಿ ಕಂಡಿತು. ಕಾಳಿ ನದಿಗೆ ದಾಂಡೇಲಿಯ ಬಳಿ ಮುರ್ಡೇಶ್ವರ ಪವರ್ ಕಾರ್ಪೊರೇಷನ್ ಕಿರು ಜಲವಿದ್ಯುತ್ ಅಣೆಕಟ್ಟು ಕಟ್ಟಲು ಹೊರಟಿತ್ತು. ಪರಿಣಾಮ ವರದಿ ಬರೆದದ್ದು ಜಗತ್ತಿನ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳಲ್ಲಿ ಒಂದಾದ ಅರ್ನ್ಸ್ಟ್ ಆ್ಯಂಡ್ ಯಂಗ್. ಅಹವಾಲು ಸಭೆಗಾಗಿ ಆ ವರದಿ ಜನರ ಕೈಗೆ ಸಿಕ್ಕಿತು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪಿನವರು ಅದನ್ನು ಅದೇ ಪ್ರದೇಶದ ತಟ್ಟಿಹಳ್ಳ ಯೋಜನೆಗೆ ಹಿಂದೆ ಬರೆದಿದ್ದ ಇನ್ನೊಂದು ವರದಿಯ ಪಕ್ಕದಲ್ಲಿಟ್ಟು ಓದಿದರು. ಬಹುಪಾಲು ಪದಕ್ಕೆ ಪದ ಒಂದೇ. ಒಂದು ಹೊಳೆಯ ಮೀನು, ಮರ, ಮಣ್ಣು, ಜನ ಇನ್ನೊಂದು ಹೊಳೆಗೆ ವರ್ಗವಾಗಿದ್ದವು. ವರದಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೆಲವು ವರ್ಷಗಳ ನಂತರ ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ಕೊಂಕಣದ ಹಕ್ಕಿಗಳು ಸ್ಪ್ರೂಸ್, ಬರ್ಚ್ ಮರಗಳ ಕಾಡಿನಲ್ಲಿ ವಾಸವಾಗಿದ್ದದ್ದು ಪತ್ತೆಯಾಯಿತು. ಮೂಲ ರಷ್ಯಾದ ಗಣಿಯದು. ನಗುವ ವಿಷಯವೇ. ಆದರೆ ಎರಡೂ ಕಡೆ ನಕಲು ಸಿಕ್ಕಿದ್ದು ಯಾವುದೇ ಅಧಿಕಾರಿಯ ಪರಿಶೀಲನೆಯಲ್ಲಲ್ಲ, ವರದಿ ಸಾರ್ವಜನಿಕರ ಕೈಗೆ ಬಂದದ್ದರಿಂದ.

ವರದಿ ಬರೆಯುವವನಿಗೆ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆಗೆ ಅತ್ಯಂತ ಖಚಿತವಾದ ಉತ್ತರ ಬಂದದ್ದು ಗುಜರಾತಿನಿಂದ. ಅಲ್ಲಿ ಹೈಕೋರ್ಟ್ ಆದೇಶದಂತೆ 1996ರಿಂದ ಹೆಚ್ಚು ಮಾಲಿನ್ಯದ ಕಾರ್ಖಾನೆಗಳಿಗೆ ಹೊರಗಿನ ಪರಿಸರ ಆಡಿಟರರ ಪರೀಕ್ಷೆ ಕಡ್ಡಾಯ. ಆಡಿಟರನನ್ನು ಆರಿಸಿ ಹಣ ಕೊಡುವವನು ಕಾರ್ಖಾನೆಯವನೇ. ಎಸ್ತರ್ ಡ್ಯುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಮಂಡಳಿಯೊಡನೆ ಸೇರಿ 473 ಕಾರ್ಖಾನೆಗಳಲ್ಲಿ ಪ್ರಯೋಗ ನಡೆಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳೆಯ ಪದ್ಧತಿಯಲ್ಲಿ ಆಡಿಟರರು ಕೊಟ್ಟ ಅಂಕಿಗಳು ಬಹುಪಾಲು ಮಿತಿಗಿಂತ ಕೂದಲೆಳೆಯಷ್ಟು ಕೆಳಗೆ ಬಂದು ನಿಲ್ಲುತ್ತಿದ್ದವು. ಮತ್ತೊಮ್ಮೆ ಅಳೆದರೆ ನಿಜವಾದ ಅಂಕಿ ಎಷ್ಟೋ ಕಡೆ ಮೇಲಿತ್ತು. ಇನ್ನೊಂದು ಗುಂಪಿನಲ್ಲಿ ಆಡಿಟರನನ್ನು ಚೀಟಿ ಎತ್ತಿದಂತೆ ನೇಮಿಸಿ, ಒಂದು ಸಾಮಾನ್ಯ ನಿಧಿಯಿಂದ ನಿಗದಿತ ಶುಲ್ಕ ಕೊಟ್ಟು, ಕೆಲವು ಅಳತೆಗಳನ್ನು ಮತ್ತೆ ಪರೀಕ್ಷಿಸಿದರು. ಅಲ್ಲಿ ಸುಳ್ಳು ‘ಸರಿಯಿದೆ’ ವರದಿಗಳು ಶೇಕಡಾ 80ರಷ್ಟು ಇಳಿದವು. ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. ಮನುಷ್ಯರು ಅವರೇ, ಉಪಕರಣಗಳು ಅವೇ. ಬದಲಾದದ್ದು ಹಣ ಬರುವ ದಾರಿ, ಮತ್ತು ಇನ್ನೊಬ್ಬರು ಅಳೆದು ನೋಡಬಹುದೆಂಬ ಎಚ್ಚರ.

ಇಲ್ಲಿ ಹಣದ ಪುಟಗಳನ್ನೂ ಅತಿಯಾಗಿ ಹೊಗಳಬಾರದು. 2008ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಸತ್ಯಂ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಪತ್ರ ಬರೆದು, ಪುಸ್ತಕದಲ್ಲಿರುವ 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಎಂದರು. ಆದರೆ ಸುಳ್ಳು ಹೊರಬಿದ್ದ ಮೇಲೆ ಜೈಲು, ವಿಚಾರಣೆ, ಆಡಿಟರರ ಮೇಲೆ ಕ್ರಮ ಎಲ್ಲವೂ ಇದ್ದವು. ಪರಿಸರದ ಪುಟದಲ್ಲಿ ಸುಳ್ಳು ಬರೆದು ಜೈಲಿಗೆ ಹೋದ ಕಂಪನಿ ಅಧ್ಯಕ್ಷರ ಹೆಸರು ಓದುಗರಿಗೆ ಯಾವುದಾದರೂ ನೆನಪಾಗುತ್ತದೆಯೇ?

ಈಗ ಗಿಂಡಿಗೆ ಮರಳಬೇಕು. ಮರಳಿದರೆ ಸ್ಟರ್ಲೈಟ್ ತಾಮ್ರದ ಕಾರ್ಖಾನೆಯ ಕಡತವನ್ನು ಬಿಟ್ಟು ಮುಂದೆ ಹೋಗಲಾಗದು. ತೂತ್ತುಕ್ಕುಡಿಯ ಆ ಕಾರ್ಖಾನೆಗೆ 1990ರ ದಶಕದಲ್ಲಿ ಒಪ್ಪಿಗೆ ಕೊಟ್ಟಾಗ ಮಂಡಳಿ ಹಾಕಿದ ಷರತ್ತುಗಳಲ್ಲಿ ಒಂದು, ಮನ್ನಾರ್ ಕೊಲ್ಲಿಯಿಂದ 25 ಕಿಲೋಮೀಟರ್ ದೂರದಲ್ಲಿರಬೇಕೆಂಬುದು. ಕಾರ್ಖಾನೆ ನಿಂತದ್ದು ಆ ದೂರದ ಒಳಗೇ. ಷರತ್ತು ಬರೆದವರೂ, ಷರತ್ತು ಮೀರಿದ ಮೇಲೂ ನಡೆಸಲು ಬಿಟ್ಟವರೂ ಒಂದೇ ಕಚೇರಿಯವರು. 2010ರ ಸೆಪ್ಟೆಂಬರ್ 28ರಂದು ಮದರಾಸು ಹೈಕೋರ್ಟ್ ಮುಚ್ಚಲು ಹೇಳಿತು. ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟಿನ ತಡೆ ಸಿಕ್ಕಿತು.

2013ರ ಮಾರ್ಚ್ 23ರ ಬೆಳಗಿನ ಜಾವ ಊರಿನ ಜನರಿಗೆ ಕಣ್ಣುರಿ, ಗಂಟಲುರಿ. ಚಿಮಣಿಯ ಮಾಪಕ ಗಂಧಕದ ಡೈಆಕ್ಸೈಡ್ ಮಿತಿ ಮೀರಿದ್ದನ್ನು ದಾಖಲಿಸಿತ್ತು. ಅದು ಮಾಪಕದ ಹೊಂದಾಣಿಕೆ ನಡೆಯುತ್ತಿದ್ದಾಗ ಬಂದ ಅಂಕಿ ಎಂಬುದು ಕಂಪನಿಯ ವಾದ. ಮಂಡಳಿ ಮುಚ್ಚಿಸಿತು, ಮೇ ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತೆರೆಯಲು ಬಿಟ್ಟಿತು. ನಡುವೆ, ಏಪ್ರಿಲ್ 2ರಂದು, ಹಳೆಯ ಮೇಲ್ಮನವಿಯಲ್ಲಿ ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್ ಮತ್ತು ನ್ಯಾಯಮೂರ್ತಿ ಎಚ್.ಎಲ್. ಗೋಖಲೆ ಅವರ ಪೀಠ ತೀರ್ಪು ಕೊಟ್ಟಿತು. ಮುಚ್ಚುವ ಆದೇಶ ರದ್ದಾಯಿತು. ಆದರೆ ವರ್ಷಗಳ ಕಾಲ ಪರಿಸರಕ್ಕೆ ಹಾನಿ ಮಾಡಿದ್ದಕ್ಕೆ, ಅನುಮತಿ ನವೀಕರಣವಿಲ್ಲದೆ ದೀರ್ಘಕಾಲ ನಡೆಸಿದ್ದಕ್ಕೆ 100 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂದು ವಿಧಿಸಿತು. ತಡೆ ಕೇಳುವಾಗ ಕಂಪನಿ ನ್ಯಾಯಾಲಯದ ಮುಂದೆಯೇ ತಪ್ಪು ಚಿತ್ರ ಕೊಟ್ಟಿತ್ತೆಂಬುದನ್ನೂ ಪೀಠ ದಾಖಲಿಸಿತು.

ನನ್ನ ಮನಸ್ಸು ನಿಲ್ಲುವುದು ಆ 100 ಕೋಟಿಯ ಅಂಕಿ ಬಂದ ದಾರಿಯಲ್ಲಿ. ಎಷ್ಟು ಹೊಗೆ, ಎಷ್ಟು ವಿಷ, ಎಷ್ಟು ಶ್ವಾಸಕೋಶ ಎಂದು ಅಳೆಯುವ ನಂಬಲರ್ಹ ಲೆಕ್ಕ ಎದುರಿಗಿರಲಿಲ್ಲ. ನ್ಯಾಯಾಲಯ ಕೈಗೆತ್ತಿಕೊಂಡದ್ದು ಕಂಪನಿಯದೇ ವಾರ್ಷಿಕ ವರದಿಯನ್ನು. ಆ ಘಟಕದ ಲಾಭದ ಅಂಕಿ ನೋಡಿ, ಅದರ ಶೇಕಡಾ ಹತ್ತಕ್ಕಿಂತ ಕಡಿಮೆಯಾಗುವ ಮೊತ್ತವನ್ನು ನಿಗದಿ ಮಾಡಿತು. ಒಂದೇ ಸಂಸ್ಥೆ ತನ್ನ ಬಗ್ಗೆ ಬರೆದ ಎರಡು ಬಗೆಯ ಲೆಕ್ಕಗಳಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಆಧಾರವಾಗಿ ಹಿಡಿಯಬಹುದಾದದ್ದು ಲಾಭದ ಲೆಕ್ಕವೊಂದೇ ಆಗಿತ್ತು.

ಮುಂದಿನದು ಎಲ್ಲರಿಗೂ ತಿಳಿದದ್ದು. 2018ರ ಏಪ್ರಿಲ್‌ನಲ್ಲಿ ಮಂಡಳಿ ಅನುಮತಿ ನವೀಕರಣ ನಿರಾಕರಿಸಿತು. ಕಾರ್ಖಾನೆ ವಿರೋಧಿ ಹೋರಾಟದ ನೂರನೆಯ ದಿನ, ಮೇ 22ರಂದು, ಮತ್ತು ಮರುದಿನ ಪೊಲೀಸ್ ಗುಂಡಿಗೆ ಹದಿಮೂರು ಜನ ಸತ್ತರು. 28ರಂದು ಸರ್ಕಾರ ಶಾಶ್ವತವಾಗಿ ಮುಚ್ಚಲು ಆಜ್ಞೆ ಹೊರಡಿಸಿತು. 2020ರ ಆಗಸ್ಟ್ 18ರಂದು ಹೈಕೋರ್ಟ್, 2024ರ ಫೆಬ್ರವರಿ 29ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದವು. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು ಕೆಲಸ ಕಳೆದುಕೊಂಡರು. ದೇಶ ತಾಮ್ರವನ್ನು ಹೊರಗಿನಿಂದ ತರಿಸುವುದು ಹೆಚ್ಚಾಯಿತು. ನಂಬಬಹುದಾದ ಒಂದು ಲೆಕ್ಕ ಮೊದಲ ಹತ್ತು ವರ್ಷಗಳಲ್ಲಿ ಊರಿನವರ ಕೈಗೆ ಸಿಕ್ಕಿದ್ದರೆ ಈ ಎಲ್ಲ ನಷ್ಟ, ಮುಖ್ಯವಾಗಿ ಆ ಹದಿಮೂರು ಜೀವ, ಉಳಿಯುತ್ತಿತ್ತೇ ಎಂಬುದು ಉತ್ತರವಿಲ್ಲದ ಪ್ರಶ್ನೆ. ಕೇಳದೆ ಇರಲೂ ಆಗುವುದಿಲ್ಲ.

ಹೊಸ ಯುಗದ ಹೊಳಪು ಕಾಗದದ ವರದಿಗಳ ಕಥೆಯನ್ನು ಬೇಗ ಹೇಳಿಬಿಡಬಹುದು. 1989ರಲ್ಲಿ ಅಲಾಸ್ಕದ ತೀರದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ತೈಲ ಚೆಲ್ಲಿದ ಮೇಲೆ ಹುಟ್ಟಿದ ಒತ್ತಡದಿಂದ, 1997ರಲ್ಲಿ ಬಾಸ್ಟನ್ನಿನಲ್ಲಿ ಗ್ಲೋಬಲ್ ರಿಪೋರ್ಟಿಂಗ್ ಇನಿಷಿಯೇಟಿವ್ ಎಂಬ ಸಂಸ್ಥೆ ಆರಂಭವಾಗಿ ಜಗತ್ತಿಗೆ ಒಂದು ಸಾಮಾನ್ಯ ಮಾದರಿ ಕೊಟ್ಟಿತು. ನಮ್ಮಲ್ಲಿ ಸೆಬಿ 2012ರಲ್ಲಿ ಶೇರುಪೇಟೆಯ ಮೊದಲ 100 ಕಂಪನಿಗಳಿಗೆ ಹೊಣೆಗಾರಿಕೆಯ ವರದಿ ಕಡ್ಡಾಯ ಮಾಡಿ, ಕ್ರಮೇಣ 500ಕ್ಕೂ 1,000ಕ್ಕೂ ವಿಸ್ತರಿಸಿತು. 2021ರ ಮೇ ತಿಂಗಳಲ್ಲಿ ಅದರ ಜಾಗಕ್ಕೆ ವಿಸ್ತಾರವಾದ ಬಿ.ಆರ್.ಎಸ್.ಆರ್. ಎಂಬ ನಮೂನೆ ಬಂತು. ಮೊದಲ 1,000 ಕಂಪನಿಗಳಿಗೆ 2022-23ರಿಂದ ಅದು ಕಡ್ಡಾಯ. ಒಂಬತ್ತು ತತ್ತ್ವಗಳು, ನೂರಕ್ಕೂ ಮಿಕ್ಕ ಪ್ರಶ್ನೆಗಳು. ನೀರು, ಇಂಧನ, ಹೊಗೆ, ಕಸ, ಅಪಘಾತ, ಸಂಬಳ ಎಲ್ಲವೂ ಇವೆ. ನಿಜವಾಗಿ ಒಳ್ಳೆಯ ನಮೂನೆ. ಬೆಂಗಳೂರಿನ ತಂತ್ರಾಂಶ ಕಂಪನಿಗಳು ಇದನ್ನು ಸೊಗಸಾಗಿ ತುಂಬುತ್ತವೆ. ಚಿಮಣಿಯಿಲ್ಲದ ಮನೆಗೆ ಹೊಗೆಯ ಲೆಕ್ಕ ಕಷ್ಟವಲ್ಲ.

2023ರ ಜುಲೈನಲ್ಲಿ ಸೆಬಿ ಇನ್ನೊಂದು ಹೆಜ್ಜೆ ಇಟ್ಟಿತು. ಆಯ್ದ ಮುಖ್ಯ ಅಂಕಿಗಳಿಗೆ ಹೊರಗಿನವರ ‘ಅಶ್ಯೂರೆನ್ಸ್’ ಕಡ್ಡಾಯ. ಮೊದಲ ವರ್ಷ 150 ಕಂಪನಿಗಳಿಗೆ, 2026-27ಕ್ಕೆ ಎಲ್ಲ 1,000ಕ್ಕೆ. ಕಚ್ಚಾವಸ್ತು ಒದಗಿಸುವವರ, ಸರಕು ಕೊಳ್ಳುವವರ ಲೆಕ್ಕವನ್ನೂ ಸೇರಿಸಬೇಕೆಂದಿತು. ದೊಡ್ಡ ಕಂಪನಿಯ ಕೊಳೆ ಸಣ್ಣ ಗುತ್ತಿಗೆದಾರನ ಅಂಗಳದಲ್ಲಿ ಬೀಳುತ್ತದೆಂಬುದನ್ನು ಬಲ್ಲವರಿಗೆ ಇದರ ಮಹತ್ವ ತಿಳಿಯುತ್ತದೆ. 2025ರ ಮಾರ್ಚ್‌ನ ಸುತ್ತೋಲೆಯಲ್ಲಿ ಆ ಸರಪಳಿಯ ಲೆಕ್ಕ ಐಚ್ಛಿಕವಾಯಿತು, ಒಂದು ವರ್ಷ ಮುಂದೆಯೂ ಹೋಯಿತು; ‘ಅಶ್ಯೂರೆನ್ಸ್’ ಇದ್ದಲ್ಲಿ ‘ಅಸೆಸ್‌ಮೆಂಟ್ ಅಥವಾ ಅಶ್ಯೂರೆನ್ಸ್’ ಎಂದು ಬಂತು. ಖಾತ್ರಿ ಕೊಡುವುದು ಬೇರೆ, ಅಂದಾಜಿಸಿ ನೋಡುವುದು ಬೇರೆ. ಖರ್ಚು ಕಡಿಮೆಯಾಗಲಿ, ವ್ಯಾಪಾರ ಸುಗಮವಾಗಲಿ ಎಂಬ ಕಾರಣ ಹೇಳಿದರು. ಸಣ್ಣ ಪೂರೈಕೆದಾರರ ಕಷ್ಟ ಸುಳ್ಳಲ್ಲ. ಆದರೂ 1992ರ ‘ಆಡಿಟ್’ 1993ರಲ್ಲಿ ‘ಹೇಳಿಕೆ’ ಆದದ್ದು ನೆನಪಾಗದೆ ಇರದು. ನಮ್ಮ ಅಧಿಸೂಚನೆಗಳಲ್ಲಿ ನಿಯಮ ಸಡಿಲವಾಗುವುದು ಬಹುಮಟ್ಟಿಗೆ ನಾಮಪದಗಳಲ್ಲಿ.

ವಿಚಿತ್ರವೆಂದರೆ ಅದೇ 2025ರ ಆಗಸ್ಟ್‌ನಲ್ಲಿ ಪರಿಸರ ಸಚಿವಾಲಯ ಪರಿಸರ ಆಡಿಟ್ ನಿಯಮಗಳನ್ನು ಪ್ರಕಟಿಸಿತು. ಮೂರು ದಶಕಗಳ ನಂತರ ಆ ಪದ ಮರಳಿದೆ. ನೋಂದಾಯಿತ ಆಡಿಟರರು ಇರುತ್ತಾರೆ. ಯಾವ ಕಾರ್ಖಾನೆಗೆ ಯಾರು ಎಂಬುದನ್ನು ಯಾದೃಚ್ಛಿಕವಾಗಿ ನಿಗದಿ ಮಾಡಬೇಕೆಂದೂ ಇದೆ. ಗುಜರಾತಿನ ಪ್ರಯೋಗದ ಪಾಠ ದೆಹಲಿಗೆ ತಲುಪಲು ಹನ್ನೆರಡು ವರ್ಷ ಬೇಕಾಯಿತು. ಸರ್ಕಾರಿ ವೇಗದಲ್ಲಿ ಇದು ತೀರ ನಿಧಾನವೇನಲ್ಲ.

ಉಳಿದಿರುವುದು ಒಂದು ಸಣ್ಣ ಕೆಲಸ. ತಮಿಳುನಾಡಿನ ದೊಡ್ಡ ಕಂಪನಿಯೊಂದು ಇಂದು ಎರಡು ಲೆಕ್ಕ ಬರೆಯುತ್ತದೆ. ಒಂದು ಮುಂಬಯಿಯ ಶೇರುಪೇಟೆಗೆ, ಕಂಪನಿಯ ಎಲ್ಲ ಘಟಕಗಳ ನೀರು-ಹೊಗೆಗಳನ್ನು ಕೂಡಿಸಿ. ಅದನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ಓದಬಹುದು. ನೀರಿನ ಅಭಾವವಿರುವ ಪ್ರದೇಶದ ಘಟಕಗಳನ್ನು ಬಿಡಿಬಿಡಿಯಾಗಿ ಹೇಳುವ ಪ್ರಶ್ನೆ ಅದರಲ್ಲಿದೆ, ಆದರೆ ಅದು ಕಡ್ಡಾಯವಲ್ಲದ ಭಾಗದಲ್ಲಿ. ಇನ್ನೊಂದು ಲೆಕ್ಕ ಗಿಂಡಿಯ ಮಂಡಳಿಗೆ, ಒಂದೊಂದು ಕಾರ್ಖಾನೆಯದೂ ಪ್ರತ್ಯೇಕವಾಗಿ, ಮಿತಿ ಮೀರಿದ್ದರೆ ಕಾರಣ ಸಹಿತ. ಹೂಡಿಕೆದಾರನಿಗೆ ಮೊತ್ತ ಸಿಗುತ್ತದೆ. ನದಿಯ ಕೆಳದಂಡೆಯವನಿಗೆ ಬೇಕಾದದ್ದು ಮೇಲ್ದಂಡೆಯ ಆ ಒಂದು ಕಾರ್ಖಾನೆಯ ಅಂಕಿ; ಅದು ಎರಡನೆಯ ಕಾಗದದಲ್ಲಿದೆ, ಕೇಳಲು ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ಕೂಡಿಸಿ ನೋಡಿ ಎಂದು ಯಾವ ನಮೂನೆಯೂ ಹೇಳುವುದಿಲ್ಲ. ಕಾಳಿ ನದಿಯ ವರದಿಯನ್ನು ತಟ್ಟಿಹಳ್ಳದ ವರದಿಯ ಪಕ್ಕ ಇಟ್ಟವರಿಗೆ ಬೇಕಾಗಿದ್ದದ್ದು ಎರಡು ಪ್ರತಿಗಳು ಮತ್ತು ಓದುವ ತಾಳ್ಮೆ ಮಾತ್ರ. ನಮೂನೆ 5ರ ಮೂರನೆಯ ಭಾಗವನ್ನು, ಅದರ ಕಾರಣದ ಕಲಂ ಸಮೇತ, ಪ್ರತಿ ಅಕ್ಟೋಬರ್‌ನಲ್ಲಿ ಆಯಾ ಜಿಲ್ಲೆಯ ಭಾಷೆಯಲ್ಲಿ ಮಂಡಳಿಯ ಜಾಲತಾಣಕ್ಕೆ ಏರಿಸಲು ಹೊಸ ಕಾಯಿದೆ ಬೇಕಾಗದು; 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಪ್ರಕರಣ, ಯಾರೂ ಕೇಳುವ ಮೊದಲೇ ಮಾಹಿತಿ ಪ್ರಕಟಿಸಿ ಎಂದು ಕಚೇರಿಗಳಿಗೆ ಹೇಳಿಯೇ ಇದೆ.